ಚೆಕ್ಕು ಯಾವ ಕಡೆಗೆ ದೊಡ್ಡದು? ಮೀಡಿಯಾ ಮತ್ತು ಇಂಟರ್ನೆಟ್ ಕಂಪನಿಗಳು ಒಂದಾದಾಗ ಮೊಬೈಲಿಗೆ ಏನು ಸಿಗುತ್ತದೆ

(ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಅರ್ಧ ಜನ ಎಲೆಕ್ಟ್ರಾನಿಕ್ಸ್‌ನವರು, ಇನ್ನರ್ಧ ಪತ್ರಿಕೋದ್ಯಮದವರು ಅಂತ ಹೇಳಿದರು. ಒಳ್ಳೆಯದೇ ಆಯಿತು. ಇವತ್ತಿನ ವಿಷಯಕ್ಕೆ ಎರಡೂ ಕಡೆಯವರು ಬೇಕು.

ಟಿವಿ, ಸಿನಿಮಾ, ಸುದ್ದಿ ಮಾಡುವ ಕಂಪನಿಯೂ ಇಂಟರ್ನೆಟ್ ಕೊಡುವ ಕಂಪನಿಯೂ ಒಂದಾದರೆ ನಮ್ಮ ಮೊಬೈಲ್ ಸೇವೆ ಸುಧಾರಿಸುತ್ತದಾ? ಇಪ್ಪತ್ತೈದು ವರ್ಷದಿಂದ ದೊಡ್ಡ ದೊಡ್ಡವರು "ಖಂಡಿತ ಸುಧಾರಿಸುತ್ತದೆ" ಅಂತ ಹೇಳಿಕೊಂಡೇ ದುಡ್ಡು ಸುರಿದಿದ್ದಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸುಧಾರಿಸಬಹುದು, ಆದರೆ ಅದು ದುಡ್ಡು ಯಾವ ಕಡೆ ಹೋಯಿತು ಅನ್ನೋದರ ಮೇಲೆ ನಿಂತಿದೆ. ಚಾನೆಲ್ ಕೊಳ್ಳೋಕೆ ಬರೆದ ಚೆಕ್ಕು ದೊಡ್ಡದೋ, ಟವರು, ಫೈಬರು, ಸಿಗ್ನಲ್ ಸಾಗಿಸುವ ತರಂಗ ಅಂದರೆ ಸ್ಪೆಕ್ಟ್ರಮ್‌ಗೆ ಬರೆದ ಚೆಕ್ಕು ದೊಡ್ಡದೋ? ಅದನ್ನು ನೋಡಿದರೆ ಮುಕ್ಕಾಲು ಪಾಲು ಭವಿಷ್ಯ ಹೇಳಿಬಿಡಬಹುದು. ನಾನು ವರ್ಷಗಟ್ಟಲೆ ನೆಟ್‌ವರ್ಕ್ ಪ್ಲಾನಿಂಗ್ ಮಾಡಿದವನು, ನನ್ನ ಕಣ್ಣು ಮೊದಲು ಟವರಿನ ಮೇಲೇ ಬೀಳುತ್ತದೆ. ಪಕ್ಷಪಾತ ಅಂತ ಬೇಕಾದರೆ ಅನ್ನಿ.

ಅಮೆರಿಕದಿಂದಲೇ ಶುರು ಮಾಡೋಣ. 2000ನೇ ಇಸವಿ ಜನವರಿ 10ರಂದು ಎಒಎಲ್ ಮತ್ತು ಟೈಮ್ ವಾರ್ನರ್ ಒಂದಾಗುತ್ತೇವೆ ಅಂತ ಪ್ರಕಟಿಸಿದವು. ಎಒಎಲ್ ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ ಇಂಟರ್ನೆಟ್ ಕೊಡುತ್ತಿದ್ದ ಕಂಪನಿ. ಎರಡು ಕೋಟಿಗೂ ಜಾಸ್ತಿ ಚಂದಾದಾರರು. ಟೈಮ್ ವಾರ್ನರ್ ಹತ್ತಿರ ಸಿಎನ್‌ಎನ್, ಎಚ್‌ಬಿಒ, ವಾರ್ನರ್ ಬ್ರದರ್ಸ್, ಟೈಮ್ ಪತ್ರಿಕೆ, ಜೊತೆಗೆ ಕೇಬಲ್ ಲೈನು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಕಂಪ್ಯೂಟರ್, ಟಿವಿ, ಮೊಬೈಲ್, ಎಲ್ಲಿ ಬೇಕಾದರೂ ಎಒಎಲ್ ಸಿಗಬೇಕು ಅನ್ನೋ ಯೋಜನೆಗೆ "ಎಒಎಲ್ ಎನಿವೇರ್" ಅಂತ ಹೆಸರೂ ಇಟ್ಟಿದ್ದರು. ಆದರೆ ಆಗಿನ ಮೊಬೈಲ್ ಹೇಗಿತ್ತು? ಪರದೆ ಅನ್ನೋದು ಬೆಂಕಿಪೊಟ್ಟಣದಷ್ಟು. ವೇಗ ಹೆಚ್ಚೆಂದರೆ ಸೆಕೆಂಡಿಗೆ ಹತ್ತೋ ಹದಿನಾಲ್ಕೋ ಕಿಲೋಬಿಟ್. ಆ ಕಿಂಡಿಯಲ್ಲಿ ಸಿಎನ್‌ಎನ್ ತೂರಿಸೋದು ಹೇಗೆ?

ಇಲ್ಲೊಂದು ತಮಾಷೆ ಇದೆ. ಎಒಎಲ್ 1999ರ ಕೊನೆಗೆ ಟೆಜಿಕ್ ಅನ್ನೋ ಸಣ್ಣ ಕಂಪನಿಯನ್ನು ಕೊಂಡಿತ್ತು. ಆ ಕಂಪನಿಯ ಸರಕು ಟಿ9, ಅಂಕಿ ಒತ್ತಿದರೆ ಪದ ಊಹಿಸುವ ತಂತ್ರಾಂಶ. ನಿಮ್ಮ ಅಪ್ಪ ಅಮ್ಮನ ಹಳೇ ನೋಕಿಯಾದಲ್ಲಿ ಇದ್ದದ್ದು ಅದೇ. 4663 ಒತ್ತಿದರೆ "ಗುಡ್" ಅಂತಲೂ ಬರುತ್ತಿತ್ತು, "ಹೋಮ್" ಅಂತಲೂ ಬರುತ್ತಿತ್ತು, ಬೇಕಾದ್ದನ್ನು ಆರಿಸಿಕೊಳ್ಳಬೇಕಿತ್ತು. ಆ ದೈತ್ಯ ಕಂಪನಿಯ ಸೊತ್ತಿನಲ್ಲಿ ನಿಜವಾಗಿ ಜಗತ್ತಿನ ಕೋಟ್ಯಂತರ ಜೇಬಿಗೆ ತಲುಪಿದ್ದು ಆ ಪುಟ್ಟ ತಂತ್ರಾಂಶ. ಅದಕ್ಕೆ ಎಚ್‌ಬಿಒ ಕೂಡ ಬೇಕಿರಲಿಲ್ಲ, ಸಿಎನ್‌ಎನ್ ಕೂಡ ಬೇಕಿರಲಿಲ್ಲ. 2002ರಲ್ಲಿ ಎಒಎಲ್ ಟೈಮ್ ವಾರ್ನರ್ ತೋರಿಸಿದ ನಷ್ಟ ಸುಮಾರು 9,900 ಕೋಟಿ ಡಾಲರ್. ಮಾರನೇ ವರ್ಷ ಹೆಸರಿನಿಂದ "ಎಒಎಲ್" ಕಿತ್ತುಹಾಕಿದರು.

ಅದೇ ಕಾಲಕ್ಕೆ ಜಪಾನಿನಲ್ಲಿ ಏನಾಗುತ್ತಿತ್ತು ನೋಡಿ. 1999ರ ಫೆಬ್ರವರಿಯಲ್ಲಿ ಎನ್‌ಟಿಟಿ ಡೊಕೊಮೊ ಅನ್ನೋ ಮೊಬೈಲ್ ಕಂಪನಿ, ಮೊಬೈಲಿಗೆ ಇಂಟರ್ನೆಟ್ ಕೊಡುವ ಐ-ಮೋಡ್ ಸೇವೆ ಶುರು ಮಾಡಿತು. ಯಾವ ಟಿವಿ ಕಂಪನಿಯನ್ನೂ ಅದು ಕೊಳ್ಳಲಿಲ್ಲ. ಅದು ಒಪ್ಪಿದ ಹೊರಗಿನವರು ಸುದ್ದಿ, ರೈಲಿನ ವೇಳೆ, ಆಟ, ರಿಂಗ್‌ಟೋನ್ ಮಾಡಿ ಮಾರಬಹುದು. ತಿಂಗಳ ಫೋನ್ ಬಿಲ್ಲಿನಲ್ಲೇ ದುಡ್ಡು ವಸೂಲಿ ಮಾಡಿ, ತನ್ನ ಪಾಲು 9 ಶೇಕಡಾ ಮಾತ್ರ ಹಿಡಿದುಕೊಂಡು, ಉಳಿದದ್ದನ್ನು ಮಾಡಿದವರಿಗೆ ಕೊಡುತ್ತಿತ್ತು. ಎರಡೇ ವರ್ಷದಲ್ಲಿ ಎರಡು ಕೋಟಿ ಜನ ಸೇರಿದರು. ರಸ್ತೆ ಹಾಕಿದವನು ಬಸ್ಸೂ ತಾನೇ ಓಡಿಸಬೇಕು ಅಂತೇನಿಲ್ಲ, ಟೋಲ್ ನ್ಯಾಯವಾಗಿದ್ದರೆ ಬಸ್ಸುಗಳು ತಾವೇ ಬರುತ್ತವೆ. ನನಗೆ ಡೊಕೊಮೊ ಕಥೆ ಯಾವತ್ತೂ ಇಷ್ಟ.

ಇನ್ನು ಅಮೆರಿಕದ ದೊಡ್ಡ ಮೊಬೈಲ್ ಕಂಪನಿ ಎಟಿ ಅಂಡ್ ಟಿ. ನನ್ನ ಚೆಕ್ಕಿನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2015ರಲ್ಲಿ ಡೈರೆಕ್‌ಟಿವಿ ಅನ್ನೋ ಡಿಶ್ ಕಂಪನಿಯನ್ನು ಸುಮಾರು 4,900 ಕೋಟಿ ಡಾಲರಿಗೆ ಕೊಂಡಿತು. 2016ರ ಅಕ್ಟೋಬರಿನಲ್ಲಿ ಅದೇ ಹಳೆಯ ಟೈಮ್ ವಾರ್ನರ್‌ಗೆ 8,540 ಕೋಟಿ ಡಾಲರ್ ಕೊಡುತ್ತೇವೆ ಅಂದಿತು. ಅಮೆರಿಕ ಸರ್ಕಾರ ಕೋರ್ಟಿಗೆ ಹೋಯಿತು, ಸೋತಿತು. 2018ರ ಜೂನ್‌ನಲ್ಲಿ ವ್ಯವಹಾರ ಮುಗಿಯಿತು. ಕೊಟ್ಟ ಕಾರಣ ಚೆನ್ನಾಗಿಯೇ ಇತ್ತು: ಮೊಬೈಲಿನಲ್ಲಿ ಜನ ವಿಡಿಯೊ ನೋಡುತ್ತಾರೆ, ವಿಡಿಯೊ ನಮ್ಮದೇ ಆದರೆ ಗ್ರಾಹಕ ಬಿಟ್ಟು ಹೋಗಲ್ಲ, ಜಾಹೀರಾತಿನ ದುಡ್ಡೂ ಬರುತ್ತದೆ, ಆ ದುಡ್ಡಲ್ಲಿ 5ಜಿ ಕಟ್ಟುತ್ತೇವೆ.

ನಡೆದದ್ದು ಬೇರೆ. ಕೊಂಡ ಮೇಲೆ ಕಂಪನಿಯ ಸಾಲ ಸುಮಾರು 18,000 ಕೋಟಿ ಡಾಲರಿಗೆ ಏರಿತು. 2021ರ ಶುರುವಿನಲ್ಲಿ 5ಜಿಗೆ ಬೇಕಾದ ಸಿ-ಬ್ಯಾಂಡ್ ಅನ್ನೋ ತರಂಗದ ಹರಾಜು ಮುಗಿದಾಗ ಎದುರಾಳಿ ಮೊಬೈಲ್ ಕಂಪನಿ ವೆರೈಝನ್ 4,550 ಕೋಟಿ ಡಾಲರ್ ಹಾಕಿತ್ತು. ಎಟಿ ಅಂಡ್ ಟಿ ಹಾಕಿದ್ದು 2,340 ಕೋಟಿ. ಸಿನಿಮಾ ಕಂಪನಿಗೆ ಎಂಟೂವರೆ ಸಾವಿರ ಕೋಟಿ, ತನ್ನ ಮೂಲ ಕಸುಬಿಗೆ ಬೇಕಾದ ತರಂಗಕ್ಕೆ ಅದರ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ. 2022ರ ಏಪ್ರಿಲ್‌ನಲ್ಲಿ ಟೈಮ್ ವಾರ್ನರ್ ಆಸ್ತಿಯನ್ನೆಲ್ಲ ಡಿಸ್ಕವರಿ ಜೊತೆ ಸೇರಿಸಿ ಕೈತೊಳೆದುಕೊಂಡಿತು. ವೆರೈಝನ್ ಏನು ಸಾಚಾ ಅಲ್ಲ. ಅದೂ 2015ರಲ್ಲಿ ಎಒಎಲ್, 2017ರಲ್ಲಿ ಯಾಹೂ ಕೊಂಡು, ಎರಡಕ್ಕೂ ಸೇರಿ ಸುಮಾರು 900 ಕೋಟಿ ಡಾಲರ್ ಹಾಕಿ, 2021ರಲ್ಲಿ 500 ಕೋಟಿಗೆ ಮಾರಿತು. ಅದೃಷ್ಟಕ್ಕೆ ಅದರ ಮೀಡಿಯಾ ಹುಚ್ಚು ಕಡಿಮೆ ಖರ್ಚಿನದ್ದಾಗಿತ್ತು, ಅಷ್ಟೇ.

ಮೂರನೆಯವನು ಟಿ-ಮೊಬೈಲ್. ಆಗ ಇವನು ಇಬ್ಬರಿಗಿಂತ ಚಿಕ್ಕವನು. 2017ರಲ್ಲಿ ಏನು ಮಾಡಿದ ಗೊತ್ತಾ? ನೆಟ್‌ಫ್ಲಿಕ್ಸ್ ಕೊಳ್ಳಲಿಲ್ಲ. ಫ್ಯಾಮಿಲಿ ಪ್ಲಾನ್ ತಗೊಂಡವರ ನೆಟ್‌ಫ್ಲಿಕ್ಸ್ ಚಂದಾ ತಾನೇ ಕಟ್ಟಿದ. ಬೇಡ ಅನ್ನಿಸಿದ ದಿನ ನಿಲ್ಲಿಸಬಹುದು. ದೊಡ್ಡ ವಿಲೀನವನ್ನು ಅವನೂ ಮಾಡಿದ, ಆದರೆ ಸ್ಟುಡಿಯೋ ಜೊತೆ ಅಲ್ಲ. 2020ರ ಏಪ್ರಿಲ್‌ನಲ್ಲಿ ಸ್ಪ್ರಿಂಟ್ ಅನ್ನೋ ಇನ್ನೊಂದು ಮೊಬೈಲ್ ಕಂಪನಿಯನ್ನು ಸೇರಿಸಿಕೊಂಡ. ಅವನ ಕಣ್ಣಿದ್ದದ್ದು ಸ್ಪ್ರಿಂಟ್ ಹತ್ತಿರವಿದ್ದ 2.5 ಗಿಗಾಹರ್ಟ್ಸ್ ತರಂಗದ ಮೇಲೆ. ಅದು ದೂರಕ್ಕೂ ಹೋಗುತ್ತದೆ, ಡೇಟಾನೂ ಚೆನ್ನಾಗಿ ಹೊರುತ್ತದೆ, 5ಜಿಗೆ ಹೇಳಿ ಮಾಡಿಸಿದ್ದು. ಅದೇ ತಿಂಗಳು ಫಿಲಡೆಲ್ಫಿಯಾದಲ್ಲಿ ಆನ್ ಮಾಡಿದ. ಉಳಿದಿಬ್ಬರ ಸಿ-ಬ್ಯಾಂಡ್ ಆನ್ ಆಗಿದ್ದು 2022ರ ಜನವರಿಯಲ್ಲಿ. ಹತ್ತಿರ ಹತ್ತಿರ ಎರಡು ವರ್ಷದ ಮುಂಚೂಣಿ ಅವನಿಗೆ ಸುಮ್ನೆ ಸಿಕ್ಕಿದ್ದಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮ ಕಥೆ ಉಲ್ಟಾ ಇದೆ.

2010ರಲ್ಲಿ ಬ್ರಾಡ್‌ಬ್ಯಾಂಡ್ ತರಂಗದ ಹರಾಜು ನಡೆಯಿತು. ಇನ್ಫೋಟೆಲ್ ಬ್ರಾಡ್‌ಬ್ಯಾಂಡ್ ಅನ್ನೋ ಹೆಸರೇ ಕೇಳದ ಕಂಪನಿ ದೇಶದ 22 ಸರ್ಕಲ್‌ಗಳಲ್ಲೂ ಗೆದ್ದಿತು. ಗೆದ್ದ ಕೂಡಲೇ ರಿಲಯನ್ಸ್ ಅದರ 95 ಶೇಕಡಾ ಪಾಲನ್ನು 4,800 ಕೋಟಿ ರೂಪಾಯಿಗೆ ಕೊಂಡಿತು. ಮುಂದೆ ಜಿಯೋ ಆಗಿದ್ದು ಅದೇ. 2012ರ ಜನವರಿಯಲ್ಲಿ ನೆಟ್‌ವರ್ಕ್18 ಅನ್ನೋ ಟಿವಿ ಚಾನೆಲ್ ಗುಂಪಿಗೆ ರಿಲಯನ್ಸ್ ದುಡ್ಡು ಹೊಂದಿಸಿತು. ಆ ದುಡ್ಡಿನಿಂದ ನೆಟ್‌ವರ್ಕ್18 ಈಟಿವಿಯ ಪ್ರಾದೇಶಿಕ ಚಾನೆಲ್‌ಗಳಲ್ಲಿ ಪಾಲು ಕೊಂಡಿತು. ಆ ಒಪ್ಪಂದದಲ್ಲಿ ಒಂದು ಸಾಲಿತ್ತು: ಈ ಚಾನೆಲ್‌ಗಳ ಕಾರ್ಯಕ್ರಮ 4ಜಿಗಾಗಿ ಇನ್ಫೋಟೆಲ್‌ಗೆ ಆದ್ಯತೆಯ ಮೇಲೆ ಸಿಗಬೇಕು. ಆಗಿನ್ನೂ ಜಿಯೋ ಸಿಮ್ ಅನ್ನೋದೇ ಇರಲಿಲ್ಲ. ನೆಟ್‌ವರ್ಕ್ ಶುರುವಾಗೋಕೆ ನಾಲ್ಕು ವರ್ಷಕ್ಕೂ ಜಾಸ್ತಿ ಇತ್ತು.

ನಮ್ಮ ಮನೆಗಳ ಮಟ್ಟಿಗೆ ಇದರ ಅರ್ಥ ಏನು? ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತಲ್ವಾ, ಅದರ ಬೇರು ಇಲ್ಲಿದೆ. ಧಾರಾವಾಹಿ ನೋಡುತ್ತಿದ್ದವರಿಗೆ ಲೋಗೋ ಬದಲಾದದ್ದಷ್ಟೇ ಕಂಡಿತು.

ಆದರೆ ಚೆಕ್ಕು ನೋಡಿ. 2014ರಲ್ಲಿ ನೆಟ್‌ವರ್ಕ್18 ಹಿಡಿತಕ್ಕೆ ರಿಲಯನ್ಸ್ ಎತ್ತಿಟ್ಟದ್ದು 4,000 ಕೋಟಿ ರೂಪಾಯಿವರೆಗೆ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಗುವ ಹೊತ್ತಿಗೆ ನೆಟ್‌ವರ್ಕ್ ಮೇಲೆ ಹಾಕಿದ್ದು ಒಂದೂವರೆ ಲಕ್ಷ ಕೋಟಿಯ ಆಸುಪಾಸು ಅಂತ ಕಂಪನಿಯೇ ಹೇಳಿತ್ತು. ಮೀಡಿಯಾಗೆ ಹೋದದ್ದು ಅದರ ಮುಂದೆ ಚಿಲ್ಲರೆ. ಹಾಗಾಗಿ "ಮೀಡಿಯಾ ಕೊಂಡಿದ್ದರಿಂದ ಜಿಯೋ ಗೆದ್ದಿತು" ಅಂದರೆ ನಾನು ಒಪ್ಪಲ್ಲ. ಗೆದ್ದದ್ದು ಫ್ರೀ ಕರೆ, ಮೊದಲ ತಿಂಗಳುಗಳ ಫ್ರೀ ಡೇಟಾ, ಹಳ್ಳಿವರೆಗೂ ಬಂದ 4ಜಿ. 170 ದಿನದಲ್ಲಿ ಹತ್ತು ಕೋಟಿ ಗ್ರಾಹಕರು. ಸರ್ಕಾರದ ಲೆಕ್ಕದಲ್ಲಿ 2014ರಲ್ಲಿ ಒಂದು ಜಿಬಿಗೆ ಸುಮಾರು 269 ರೂಪಾಯಿ ಇತ್ತು, ಹತ್ತು ವರ್ಷದಲ್ಲಿ ಹತ್ತು ರೂಪಾಯಿಗಿಂತ ಕೆಳಗೆ ಬಂತು. ಒಬ್ಬ ಚಂದಾದಾರ ತಿಂಗಳಿಗೆ ಬಳಸುತ್ತಿದ್ದದ್ದು 60 ಎಂಬಿ ಚಿಲ್ಲರೆ, ಈಗ 20 ಜಿಬಿಗೂ ಜಾಸ್ತಿ.

ಪತ್ರಿಕೋದ್ಯಮದವರು ಇದನ್ನು ಬರೆದುಕೊಳ್ಳಿ. 2016ರ ಫೆಬ್ರವರಿ 8ರಂದು, ಅಂದರೆ ಜಿಯೋ ಬರೋಕೆ ಏಳು ತಿಂಗಳ ಮುಂಚೆ, ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಒಂದು ನಿಯಮ ತಂದಿತು. ಯಾವ ವೆಬ್‌ಸೈಟು, ಯಾವ ಆ್ಯಪು ಅಂತ ನೋಡಿ ಡೇಟಾಗೆ ಬೇರೆ ಬೇರೆ ದರ ಹಾಕುವಂತಿಲ್ಲ. ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ (ಕೆಲವೇ ವೆಬ್‌ಸೈಟುಗಳನ್ನು ಡೇಟಾ ಖರ್ಚಿಲ್ಲದೆ ಕೊಡುವ ಯೋಜನೆ) ಗಲಾಟೆಯ ಫಲ ಅದು. "ನಮ್ಮ ಆ್ಯಪಿನಲ್ಲಿ ನೋಡಿದರೆ ಡೇಟಾ ಕತ್ತರಿಸಲ್ಲ, ಬೇರೆಯವರದ್ದರಲ್ಲಿ ನೋಡಿದರೆ ಕತ್ತರಿಸುತ್ತೇವೆ" ಅಂತ ನಮ್ಮಲ್ಲಿ ಯಾವ ಮೊಬೈಲ್ ಕಂಪನಿಯೂ ಹೇಳುವ ಹಾಗಿಲ್ಲ. ಅಮೆರಿಕದಲ್ಲಿ ಎಟಿ ಅಂಡ್ ಟಿ ಅದನ್ನೇ ಮಾಡಿತ್ತು. ಕ್ಯಾಲಿಫೋರ್ನಿಯಾದ ಕಾನೂನು ಬಂದ ಮೇಲೆ 2021ರಲ್ಲಿ ನಿಲ್ಲಿಸಿತು. ನಮ್ಮಲ್ಲಿ ವಿಲೀನಗಳು ಮೊಬೈಲಿಗೆ ಕೆಟ್ಟದ್ದು ಮಾಡದೆ ಉಳಿದಿದ್ದರೆ, ಅದಕ್ಕೆ ಈ ನಿಯಮ ದೊಡ್ಡ ಕಾರಣ ಅನ್ನೋದು ನನ್ನ ಅನಿಸಿಕೆ. ಡೇಟಾ ಸಸ್ತಾ ಮಾಡಿದರೆ ಎಲ್ಲರಿಗೂ ಸಸ್ತಾ ಮಾಡಬೇಕಾಯಿತು. ಯೂಟ್ಯೂಬಿನಲ್ಲಿ ಯಕ್ಷಗಾನ ಹಾಕುವವನಿಗೂ ಅದೇ ರಸ್ತೆ ಸಿಕ್ಕಿತು.

ಸರಿ, ಹಾಗಾದರೆ ಒಂದಾಗೋದರಿಂದ ಲಾಭವೇ ಇಲ್ವಾ? ಇದೆ. ಕ್ರಿಕೆಟ್ ತಗೊಂಡು ನೋಡೋಣ.

2025ರ ಜೂನ್ 3, ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್. ಆರ್‌ಸಿಬಿ ಕಪ್ ಎತ್ತಿದ ರಾತ್ರಿ. ಒಂದು ಹಾಸ್ಟೆಲ್ ಊಹಿಸಿಕೊಳ್ಳಿ, ಇನ್ನೂರು ಹುಡುಗರು, ಇನ್ನೂರು ಫೋನು, ವೈಫೈ ಕೈಕೊಟ್ಟಿದೆ. ವಿಡಿಯೊ ಸೆಕೆಂಡಿಗೆ 1.5 ಮೆಗಾಬಿಟ್‌ನಲ್ಲಿ ಬರುತ್ತಿದೆ ಅಂತಿಟ್ಟುಕೊಳ್ಳಿ, ಅದೇನೂ ದೊಡ್ಡ ಕ್ವಾಲಿಟಿ ಅಲ್ಲ. ಗಂಟೆಗೆ ಸುಮಾರು 675 ಎಂಬಿ. ದಿನಕ್ಕೆ 1.5 ಜಿಬಿ ಪ್ಲಾನಿನವನಿಗೆ ಎರಡು ಗಂಟೆ ಹದಿಮೂರು ನಿಮಿಷ ಸಾಕಾಗುತ್ತದೆ. ಏಳೂವರೆಗೆ ಶುರುವಾದ ಪಂದ್ಯದಲ್ಲಿ ಎರಡನೇ ಇನ್ನಿಂಗ್ಸ್‌ನ ಪವರ್‌ಪ್ಲೇ ಹೊತ್ತಿಗೆ "ನಿಮ್ಮ ಡೇಟಾ ಮುಗಿದಿದೆ" ಅಂತ ಮೆಸೇಜ್.

ಅದು ಒಬ್ಬನ ಕಥೆ. ಟವರಿನ ಕಥೆ ಇನ್ನೂ ಕಷ್ಟದ್ದು. ಹಾಸ್ಟೆಲ್ ಕಡೆ ಮುಖ ಮಾಡಿದ ಆಂಟೆನಾ ಒಂದು ತರಂಗದ ತುಂಡಿನಲ್ಲಿ ಸೆಕೆಂಡಿಗೆ 20 ಮೆಗಾಬಿಟ್ ಕೊಡುತ್ತಿದೆ ಅಂದುಕೊಳ್ಳಿ. ಅದನ್ನು 1.5ರಿಂದ ಭಾಗಿಸಿ. ಹದಿಮೂರು ಜನ! ಇನ್ನೂರು ಜನಕ್ಕೆ ಬೇಕಾಗೋದು 300 ಮೆಗಾಬಿಟ್. ಯಾಕೆಂದರೆ ಟಿವಿ ಟವರಿನ ಹಾಗೆ ಮೊಬೈಲ್ ಟವರು ಒಂದೇ ಸಲ ಎಲ್ಲರಿಗೂ ಕಳಿಸಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸುತ್ತದೆ. ಅದೇ ಕೊಹ್ಲಿ, ಅದೇ ಬಾಲು, ಇನ್ನೂರು ಸಲ. ಆ್ಯಪು ಜಾಣತನದಿಂದ ಚಿತ್ರ ಮಸುಕು ಮಾಡಿ ಹೊಂದಿಸುತ್ತದೆ, ಕೊನೆಗೆ ಚಕ್ರ ತಿರುಗುತ್ತದೆ. ಆ ಚಕ್ರದ ಮುಂದೆ ಯಾವ ಕಂಪನಿ ಯಾವ ಕಂಪನಿಯನ್ನು ಕೊಂಡಿದೆ ಅನ್ನೋದು ನಡೆಯಲ್ಲ. ಜಾಸ್ತಿ ತರಂಗ, ಹತ್ತಿರ ಹತ್ತಿರ ಟವರು, ಟವರಿಗೆ ಫೈಬರು, ಇಷ್ಟೇ ಮದ್ದು.

ಪಂದ್ಯದ ಹಕ್ಕೂ ನೆಟ್‌ವರ್ಕೂ ಒಬ್ಬರದ್ದೇ ಆದಾಗ ಎರಡು ಅನುಕೂಲ ನನಗೆ ಕಾಣುತ್ತವೆ. ಒಂದು ಇಂಜಿನಿಯರಿಂಗ್‌ನದ್ದು: ವಿಡಿಯೊ ಇಟ್ಟ ಸರ್ವರ್‌ಗಳನ್ನು ತಮ್ಮದೇ ನೆಟ್‌ವರ್ಕ್ ಒಳಗೆ, ನೋಡುವವರ ಹತ್ತಿರದ ಊರುಗಳಲ್ಲಿ ಇಡಬಹುದು. ಯಾವ ದಿನ ಎಷ್ಟು ಹೊರೆ ಬೀಳುತ್ತದೆ ಅಂತ ಮುಂಚೆಯೇ ಮಾತಾಡಿಕೊಳ್ಳಬಹುದು. ಇದು ಒಳ್ಳೆಯದೇ, ಆದರೆ ಇದಕ್ಕೆ ಕಂಪನಿ ಕೊಳ್ಳಬೇಕಿಲ್ಲ. ನೆಟ್‌ಫ್ಲಿಕ್ಸ್ 2012ರಿಂದಲೇ ತನ್ನ ಸರ್ವರ್ ಪೆಟ್ಟಿಗೆಗಳನ್ನು ಬೇರೆಯವರ ನೆಟ್‌ವರ್ಕ್ ಒಳಗೆ ಇಡುತ್ತಾ ಬಂದಿದೆ. ಅಷ್ಟೇ ಯಾಕೆ, 2023ರ ನವೆಂಬರ್ 19ರಂದು ವಿಶ್ವಕಪ್ ಫೈನಲ್ ದಿನ ಡಿಸ್ನಿ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರು. ಆಗ ಅದು ದಾಖಲೆ. ಆ ಆ್ಯಪಿನ ಮಾಲೀಕರಿಗೆ ಒಂದು ಟವರೂ ಇರಲಿಲ್ಲ.

ಎರಡನೆಯದು ದುಡ್ಡಿನ ಅನುಕೂಲ, ನಿಜವಾದ ಬಲ ಇದರಲ್ಲಿದೆ. 2022ರ ಹರಾಜಿನಲ್ಲಿ ಐದು ವರ್ಷದ ಐಪಿಎಲ್ ಡಿಜಿಟಲ್ ಹಕ್ಕಿಗೆ ರಿಲಯನ್ಸ್ ಬಳಗದ ವಯಾಕಾಮ್18 ಕೊಟ್ಟದ್ದು 23,758 ಕೋಟಿ ರೂಪಾಯಿ. ಟಿವಿ ಹಕ್ಕಿಗೆ ಸ್ಟಾರ್ ಕೊಟ್ಟದ್ದು 23,575 ಕೋಟಿ. ಡಿಜಿಟಲ್ ಹಕ್ಕಿನ ಬೆಲೆ ಟಿವಿ ಹಕ್ಕಿನ ಬೆಲೆಯನ್ನು ದಾಟಿತು. 2023ರಲ್ಲಿ ವಯಾಕಾಮ್18ರ ಆ್ಯಪು ಜಿಯೋಸಿನಿಮಾ ಅಷ್ಟು ದುಬಾರಿ ಪಂದ್ಯಗಳನ್ನು ಎಲ್ಲರಿಗೂ ಫ್ರೀ ಕೊಟ್ಟಿತು, ಕನ್ನಡ ಕಾಮೆಂಟರಿ ಸಮೇತ. ಏರ್‌ಟೆಲ್ ಸಿಮ್ ಇದ್ದವರಿಗೂ ಫ್ರೀ. ಬರೀ ವಿಡಿಯೊ ಮಾರುವ ಕಂಪನಿಗೆ ಇಂಥದ್ದು ತುಂಬಾ ಕಷ್ಟ. ಒಂದು ಕೈಯಲ್ಲಿ ಕಳೆದುಕೊಂಡದ್ದು ಇನ್ನೊಂದು ಕೈಗೆ ಡೇಟಾ ಬಳಕೆಯಾಗಿ ಬಂದರೆ ಮಾತ್ರ ತಡೆದುಕೊಳ್ಳಬಹುದು. ಜನ ಜಾಸ್ತಿ ಡೇಟಾ ಬಳಸಿದರು, ದೊಡ್ಡ ಪ್ಲಾನಿಗೆ ಹೋದರು. ಅಂಥ ಬಳಕೆ ಇದೆ ಅಂತ ಗೊತ್ತಾದಾಗಲೇ ಟವರಿಗೆ ದುಡ್ಡು ಹಾಕೋಕೆ ಧೈರ್ಯ ಬರೋದು. ವಿಲೀನ ಮೊಬೈಲಿಗೆ ಕೊಡುವ ನಿಜವಾದ ತಳ್ಳು ಇದು.

ಆದರೆ ಫ್ರೀ ಅನ್ನೋದು ಎಷ್ಟು ದಿನ? 2024ರ ನವೆಂಬರ್ 14ರಂದು ವಯಾಕಾಮ್18 ಮತ್ತು ಡಿಸ್ನಿಯ ಸ್ಟಾರ್ ಒಂದಾದವು. ಬೆಲೆ ಕಟ್ಟಿದ್ದು 70,352 ಕೋಟಿ ರೂಪಾಯಿ. 2025ರ ಫೆಬ್ರವರಿ 14ಕ್ಕೆ ಜಿಯೋಹಾಟ್‌ಸ್ಟಾರ್ ಬಂತು. ಆ ವರ್ಷದ ಐಪಿಎಲ್‌ಗೆ 299 ರೂಪಾಯಿ ಅಥವಾ ಜಾಸ್ತಿ ರೀಚಾರ್ಜ್ ಮಾಡಿದ ಜಿಯೋ ಗ್ರಾಹಕರಿಗೆ 90 ದಿನ ಆ್ಯಪು ಉಚಿತ ಅಂದರು. ಡೇಟಾ ದರದಲ್ಲಿ ಭೇದ ಮಾಡುವಂತಿಲ್ಲ, ಚಂದಾ ಸೇರಿಸಿ ಕೊಡಬಹುದು. ಅಲ್ಲಿಗೆ ಟಿ-ಮೊಬೈಲ್ ದಾರಿಗೇ ಬಂದರು, ವ್ಯತ್ಯಾಸ ಅಂದರೆ ಇಲ್ಲಿ ಆ್ಯಪೂ ಮನೆಯದ್ದೇ.

ಕನ್ನಡದ ಮಟ್ಟಿಗೆ ಈ ವಿಲೀನದಿಂದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಒಂದೇ ಸೂರಿನಡಿ ಬಂದವು. ಮೊದಲು ಇವೆರಡೂ ಪೈಪೋಟಿಯಲ್ಲಿ ಧಾರಾವಾಹಿ ಕೊಳ್ಳುತ್ತಿದ್ದವು. ಒಂದು ಕಡೆ ಬೇಡ ಅಂದ ಕಥೆಯನ್ನು ಇನ್ನೊಂದು ಕಡೆಗೆ ಒಯ್ಯಬಹುದಿತ್ತು. ಈಗ ಜೀ ಕನ್ನಡ, ಉದಯ ಬಿಟ್ಟರೆ ತಟ್ಟೋಕೆ ಬಾಗಿಲು ಕಡಿಮೆ. ಮೊಬೈಲ್ ನೋಡುಗನಿಗೆ ಒಂದೇ ಆ್ಯಪಿನಲ್ಲಿ ಎರಡೂ ಸಿಗುವುದು ಅನುಕೂಲವೇ. ಕಥೆ ಬರೆಯುವವನಿಗೆ ಅಲ್ಲ. ಪತ್ರಿಕೋದ್ಯಮದ ಹುಡುಗರು ಮೊಬೈಲ್ ವೇಗದ ಬಗ್ಗೆ ಬರೆಯುವಷ್ಟೇ ಇದರ ಬಗ್ಗೆಯೂ ಬರೆದರೆ ಚೆನ್ನ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು:

"ಸರ್, ಇವರೆಲ್ಲ ಒಂದಾದರೆ ನಮ್ಮ ರೀಚಾರ್ಜ್ ಕಡಿಮೆ ಆಗುತ್ತಾ?"

ಇಲ್ಲಮ್ಮ. 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಮೂರೂ ದರ ಏರಿಸಿದವು. ರೀಚಾರ್ಜ್ ಇಳಿಯೋದು ಮೊಬೈಲ್ ಕಂಪನಿಗಳು ಒಂದರ ಮೇಲೊಂದು ಬಿದ್ದು ಗ್ರಾಹಕರನ್ನು ಎಳೆಯುವಾಗ. 2016ರಲ್ಲಿ ಆದದ್ದು ಅದು. ಟಿವಿ ಕಂಪನಿಗಳು ಒಂದಾದರೆ ಆ ಪೈಪೋಟಿ ಹೆಚ್ಚಲ್ಲ. ನಿನಗೆ ರೀಚಾರ್ಜ್ ಜೊತೆ ಒಂದು ಆ್ಯಪು ಸಿಗಬಹುದು. ಅದರ ದುಡ್ಡು ಎಲ್ಲೋ ಒಂದು ಕಡೆ ನಿನ್ನ ಪ್ಲಾನಿನ ಬೆಲೆಯಲ್ಲೇ ಕೂತಿರುತ್ತದೆ.

"ಸರ್, ಇನ್ನೂರು ಸಲ ಕಳಿಸೋ ಬದಲು ಟಿವಿ ಥರ ಒಂದೇ ಸಲ ಮೊಬೈಲಿಗೆ ಕಳಿಸೋಕೆ ಆಗಲ್ವಾ?"

ಈ ಪ್ರಶ್ನೆ ಎಲೆಕ್ಟ್ರಾನಿಕ್ಸ್ ಹುಡುಗನದ್ದು, ಬೆನ್ನು ತಟ್ಟಬೇಕು ಅನ್ನಿಸಿತು. ಆಗುತ್ತದೆ. ಅಮೆರಿಕದಲ್ಲಿ ಚಿಪ್ ಕಂಪನಿ ಕ್ವಾಲ್‌ಕಾಮ್ ಮೀಡಿಯಾಫ್ಲೋ ಅಂತ ಮಾಡಿತ್ತು. 2007ರಲ್ಲಿ ಶುರು, 2011ರಲ್ಲಿ ಬಂದ್. ಅದಕ್ಕೆ ಬೇರೆ ಚಿಪ್ ಇರುವ ಫೋನ್ ಬೇಕಿತ್ತು, ಜನ ಕೊಳ್ಳಲಿಲ್ಲ. ಅದರ ತರಂಗವನ್ನು ಎಟಿ ಅಂಡ್ ಟಿ 192.5 ಕೋಟಿ ಡಾಲರಿಗೆ ಕೊಂಡು ಮಾಮೂಲಿ ಡೇಟಾಗೆ ಬಳಸಿತು. ನಮ್ಮಲ್ಲಿ ಡಿ2ಎಂ (ಡೈರೆಕ್ಟ್ ಟು ಮೊಬೈಲ್) ಅಂತ ಪ್ರಯೋಗ ನಡೆದಿದೆ. ಸಿಮ್ ಬೇಡ, ಇಂಟರ್ನೆಟ್ ಬೇಡ, ಪ್ರಸಾರದ ಟವರಿಂದ ನೇರ ಫೋನಿಗೆ. ಪ್ರಸಾರ ಭಾರತಿ, ಐಐಟಿ ಕಾನ್ಪುರ, ಜೊತೆಗೆ ನಮ್ಮ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಇದರಲ್ಲಿ ಸೇರಿದ್ದವು. ಚಿಪ್ ಮಾಡಿದ್ದು ಸಾಂಖ್ಯದವರೇ. ಮೊಬೈಲ್ ಕಂಪನಿಗಳು ವಿರೋಧಿಸುತ್ತಿವೆ. ಮ್ಯಾಚು ಅವರ ಟವರ್ ಬಿಟ್ಟು ಹೋದರೆ ಡೇಟಾ ವ್ಯಾಪಾರವೂ ಜೊತೆಗೇ ಹೋಗುತ್ತದಲ್ವಾ.

ಚಿಪ್ಪಿನ ತೊಡಕು ಬಗೆಹರಿದರೂ ಇನ್ನೊಂದು ತೊಡಕು ಇದೆ. ದೇಶದ ತಂಡ ಆಡುವ ಏಕದಿನ, ಟಿ20 ಪಂದ್ಯಗಳ ಸಿಗ್ನಲ್ಲನ್ನು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು ಅಂತ 2007ರ ಕಾಯ್ದೆ ಇದೆ. ಐಪಿಎಲ್ ಅದರಡಿ ಬರಲ್ಲ. ಹಾಗಾಗಿ ಹಾಸ್ಟೆಲಿನ ಇನ್ನೂರು ಫೋನಿಗೂ ಒಂದೇ ಸಲ ಐಪಿಎಲ್ ಕಳಿಸಬೇಕು ಅಂದರೆ ಹಕ್ಕು ಇರುವವರು ಒಪ್ಪಬೇಕು. ಆ ಹಕ್ಕು ಈಗ ಇರೋದು ದೇಶದ ಅತಿ ದೊಡ್ಡ ಮೊಬೈಲ್ ನೆಟ್‌ವರ್ಕ್ ಇರುವ ಮನೆಯಲ್ಲೇ.